ಭವಿ ಯಾರು?

‘ಭವಿ’ ಎಂಬ ಶಬ್ದವನ್ನು ಕೇಳದಿರುವ ಲಿಂಗವಂತರ ಮನೆ ಇರಲಾರದು. ‘ಅವರು ಭವಿಗಳು’, ‘ಭವಿಗಳ ಮನೆಯಲ್ಲಿ ಉಣ್ಣಬಾರದು’, ‘ಭವಿಗಳ ಸಂಬಂಧ ನಮಗೆ ಬೇಡ’ ಎಂದು ಹಿರಿಯರು ಆಡುವ ಮಾತುಗಳನ್ನು ಕೇಳುತ್ತಲೇ ನಮ್ಮಲ್ಲಿ ಹಲವರು ಬೆಳೆದಿದ್ದೇವೆ. ಈಚಿನ ತರುಣರ ಬಾಯಲ್ಲಿ ಈ ಶಬ್ದ ವಿರಳವಾಗುತ್ತಿರುವುದು ನಿಜ. ಆದರೆ ಶಬ್ದವು ನಾಲಗೆಯಿಂದ ಇಳಿದ ಮಾತ್ರಕ್ಕೆ ಅದರ ಹಿಂದಿನ ಭಾವನೆಯು ಮನಸ್ಸಿನಿಂದಲೂ ಇಳಿಯಿತೆಂದು ಹೇಳಲಾಗದು. ಆದುದರಿಂದ ಈ ಶಬ್ದದ ಅರ್ಥವೇನು, ಶರಣರು ಅದನ್ನು ಯಾರನ್ನು ಕುರಿತು ಬಳಸಿದರು, ನಾವು ಯಾರನ್ನು ಕುರಿತು ಬಳಸುತ್ತಿದ್ದೇವೆ ಎಂಬುದನ್ನು ಸದ್ಭಕ್ತರಾದ ವಾಚಕರೊಡನೆ ಕೂಡಿ ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೊದಲು ಶಬ್ದದ ವ್ಯುತ್ಪತ್ತಿ. ಸಂಸ್ಕೃತದ ‘ಭೂ’ ಧಾತುವಿಗೆ ಆಗು, ಇರು ಎಂದು ಅರ್ಥ. ಅದರಿಂದ ಹುಟ್ಟಿದ ‘ಭವ’ ಎಂಬ ಶಬ್ದವು ಹುಟ್ಟನ್ನೂ ಇರವನ್ನೂ, ಮುಂದೆ ಹುಟ್ಟುಸಾವುಗಳ ಸುತ್ತನ್ನೂ ಸೂಚಿಸಿತು. ಆ ಸುತ್ತಿಗೆ ಸಿಕ್ಕವನು ಭವಿ. (ಶಿವನ ಅಷ್ಟನಾಮಗಳಲ್ಲಿ ‘ಭವ’ ಎಂಬುದೂ ಒಂದೆಂಬುದು ಇಲ್ಲಿ ನೆನೆಯತಕ್ಕ ಸ್ವಾರಸ್ಯ; ಅದು ಬೇರೆಯ ಲೇಖನಕ್ಕೆ ವಿಷಯವಾದೀತು.) ಈ ಅರ್ಥದಲ್ಲಿ ಕುಲದ ಮಾತಿಲ್ಲ, ಊರಿನ ಮಾತಿಲ್ಲ, ನುಡಿಯ ಮಾತಿಲ್ಲ. ಭವಕ್ಕೆ ಕಟ್ಟುಬಿದ್ದ ಒಂದು ಸ್ಥಿತಿಯ ಮಾತು ಮಾತ್ರವಿದೆ. ಭವಿಗೆ ಇದಿರಾಗಿ ನಿಲ್ಲುವ ‘ಭಕ್ತ’ ಎಂಬ ಶಬ್ದವು ‘ಭಜ್’ ಧಾತುವಿನದು. ಆ ಧಾತುವಿಗೆ ಸೇವಿಸು, ಆಶ್ರಯಿಸು ಎಂಬ ಅರ್ಥಗಳಿರುವಂತೆ ಹಂಚು, ಪಾಲುಗೊಳ್ಳು ಎಂಬ ಅರ್ಥವೂ ಉಂಟು. ಭಾಗ, ವಿಭಾಗ, ವಿಭಕ್ತ ಎಂಬ ಶಬ್ದಗಳೆಲ್ಲ ಅದೇ ಮೂಲದವು. ಅಣ್ಣತಮ್ಮಂದಿರು ಪಾಲಾಗದೆ ಒಂದೇ ಒಲೆಯಲ್ಲಿ ಬಾಳುವ ಮನೆಯನ್ನು ನಾವು ಅವಿಭಕ್ತ ಕುಟುಂಬವೆನ್ನುತ್ತೇವಷ್ಟೆ. ಹಾಗೆ ನೋಡಿದರೆ ಭಕ್ತನೆಂಬವನು ಪಾಲುಗೊಂಡವನು, ಪಾಲುಕೊಟ್ಟವನು. ಧಾತುವನ್ನು ಹಿಡಿದು ಹೇಳುವುದಾದರೆ, ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿ, ಪಕ್ಕದವನ ಎಡೆಯನ್ನು ಕಂಡು ಮೋರೆ ತಿರುವುವವನಿಗೆ ಆ ಹೆಸರು ಒಪ್ಪುವುದಿಲ್ಲ.

ತಮ್ಮವನಲ್ಲದವನನ್ನು ಕರೆಯಲು ಎಲ್ಲ ಸಮಾಜಗಳೂ ಶಬ್ದಗಳನ್ನು ಮಾಡಿಕೊಂಡಿವೆ. ಕೆಲವು ನುಡಿಯನ್ನು ನೋಡಿ ಮಾಡಿದವು. ‘ಮ್ಲೇಚ್ಛ’ ಎಂಬುದು ಅಸ್ಪಷ್ಟವಾಗಿ ನುಡಿಯುವವನೆಂಬ ಅರ್ಥದಿಂದ ಹೊರಟದ್ದು. ಗ್ರೀಕರು ಅನ್ಯರಿಗೆ ಕೊಟ್ಟ ಹೆಸರೂ, ಅವರ ಮಾತು ತಮ್ಮ ಕಿವಿಗೆ ‘ಬರಬರ’ ಎಂದು ಕೇಳಿಸಿದ್ದರಿಂದ ಬಂದದ್ದು. ಕೆಲವು ಶಬ್ದಗಳು ಹುಟ್ಟನ್ನು ನೋಡಿ ಮಾಡಿದವು. ‘ಅಂತ್ಯಜ’ ಎಂಬುದು ಅಂಥದು, ಆ ಶಬ್ದದಿಂದ ಆದ ಅನ್ಯಾಯವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮತ್ತೆ ಕೆಲವು ಸ್ಥಳವನ್ನು ನೋಡಿ ಮಾಡಿದವು. ಇವುಗಳಲ್ಲಿ ‘ಪರದೇಶಿ’ ಎಂಬ ಶಬ್ದದ ಕಥೆ ನನಗೆ ಯಾವಾಗಲೂ ಮನಮುಟ್ಟುತ್ತದೆ. ಅದರ ಮೂಲಾರ್ಥ ಬೇರೆ ನಾಡಿನವನು ಎಂದಷ್ಟೆ. ಅದರಲ್ಲಿ ನಿಂದೆಯೂ ಇಲ್ಲ, ಮರುಕವೂ ಇಲ್ಲ. ಆದರೆ ಕನ್ನಡದ ಬಳಕೆಯಲ್ಲಿ ಅದು ತಂದೆತಾಯಿಯಿಲ್ಲದ ಮಗುವಿಗೆ, ದಿಕ್ಕಿಲ್ಲದ ಮುದುಕಿಗೆ, ಕೇಳುವವರಿಲ್ಲದ ಬಡವನಿಗೆ ಸಲ್ಲುವ ಶಬ್ದವಾಯಿತು. ಹುಟ್ಟಿದೂರಿನಲ್ಲಿಯೇ ಇದ್ದು ಪರದೇಶಿಯಾದವರನ್ನು ನಾವು ಬಲ್ಲೆವು. ಬೇರೆ ನಾಡಿನಿಂದ ಬಂದವನಿಗೆ ಇಲ್ಲಿ ಯಾರೂ ಆಗುವುದಿಲ್ಲವೆಂಬ ಕಟುಸತ್ಯವನ್ನು ನಮ್ಮ ಜನ ವ್ಯಾಖ್ಯಾನವಿಲ್ಲದೆ ಒಂದೇ ಶಬ್ದದಲ್ಲಿ ಬರೆದಿಟ್ಟಿದ್ದಾರೆ.

ಅದೇ ನಾಡಿನಲ್ಲಿ ಶರಣರು, ಊರಿಲ್ಲದೆ ಚಲಿಸುವವನಿಗೆ ಜಂಗಮನೆಂದು ಹೆಸರಿಟ್ಟು ಅವನನ್ನು ಅಷ್ಟಾವರಣಗಳಲ್ಲಿ ಗುರುಲಿಂಗಗಳ ಜೊತೆಗೆ ನಿಲ್ಲಿಸಿದರು. ಲೋಕಕ್ಕೆ ಪರದೇಶಿಯಾಗಿ ಕಂಡವನು ಶರಣರಿಗೆ ಪೂಜ್ಯನಾಗಿ ಕಂಡನು. ಕಲ್ಯಾಣಕ್ಕೆ ಬಂದ ಶರಣರಲ್ಲಿಯೂ ದೂರದವರು ಬಹಳ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ಬಿಟ್ಟುಬಂದು ಕಟ್ಟಿಗೆಯ ಹೊರೆ ಹೊತ್ತನೆಂದು ಪರಂಪರೆ ಹೇಳುತ್ತದೆ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದ ಆದಯ್ಯನನ್ನು ಹರಿಹರನು ರಗಳೆಯಲ್ಲಿ ಹಾಡಿದನು. ಇವರಾರನ್ನೂ ಶರಣರು ನುಡಿಯಿಂದಾಗಲಿ ನಾಡಿನಿಂದಾಗಲಿ ಅಳೆಯಲಿಲ್ಲ. ಹಾಗಾದರೆ ಶರಣರಿಗೆ ಹೊರಗಿನವನೇ ಇರಲಿಲ್ಲವೆ?

ಇದ್ದನು. ಈ ಮಾತನ್ನು ಮರೆಮಾಚಿ ಪ್ರಯೋಜನವಿಲ್ಲ. ವಚನಗಳಲ್ಲಿ ಭವಿಸಂಗ, ಭವಿಪಾಕ ಎಂಬ ಶಬ್ದಗಳು ಮತ್ತೆ ಮತ್ತೆ ಬರುತ್ತವೆ, ಮತ್ತು ಬಂದಾಗಲೆಲ್ಲ ನಿಷೇಧದ ದನಿಯಲ್ಲಿಯೇ ಬರುತ್ತವೆ. ಭವಿಯಾದವನು ಬೇಯಿಸಿದ್ದನ್ನು ಭಕ್ತನು ಉಣ್ಣಬಾರದು, ಅವನೊಡನೆ ಒಡನಾಡಬಾರದು ಎಂಬ ಕಟ್ಟಳೆ ಆಚಾರನಿಷ್ಠರಾದ ಶರಣರಲ್ಲಿ ಬಲವಾಗಿತ್ತು. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾದ ಮೇಲೆ ವಚನಗಳನ್ನು ಓದತೊಡಗಿದ ಹೊಸ ಕಾಲದವರು ಸಮತೆಯ ವಚನಗಳನ್ನು ಎತ್ತಿ ಆಡಿ, ಈ ವಚನಗಳ ಬಳಿಗೆ ಬಂದಾಗ ಪುಟವನ್ನು ಮಗುಚಿದ್ದೇ ಹೆಚ್ಚು. ಹಾಗೆ ಮಗುಚುವುದು ಶರಣರಿಗೆ ಮಾಡುವ ಗೌರವವಲ್ಲ. ಅವರು ಹಾಗೇಕೆ ಹೇಳಿದರೆಂದು ಕೇಳಬೇಕು.

ಹನ್ನೆರಡನೆಯ ಶತಮಾನದ ಸಮಾಜವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಯಾರು ಯಾರ ಕೈಯ ಅಡಿಗೆಯನ್ನು ಉಣ್ಣುತ್ತಾರೆ, ಯಾರು ಯಾರಿಗೆ ಹೆಣ್ಣು ಕೊಡುತ್ತಾರೆ ಎಂಬ ಎರಡು ಪ್ರಶ್ನೆಗಳ ಮೇಲೆ ಜಾತಿಯ ಕೋಟೆ ನಿಂತಿತ್ತು. ಆ ಕೋಟೆಯ ನಡುವೆ ಡೋಹರ ಕಕ್ಕಯ್ಯನೂ, ಅಂಬಿಗರ ಚೌಡಯ್ಯನೂ, ಮಡಿವಾಳ ಮಾಚಯ್ಯನೂ, ಅಗ್ರಹಾರಗಳನ್ನು ತೊರೆದುಬಂದವರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಈ ಪಂಕ್ತಿ ಇನ್ನೂ ಎಳೆಯದು. ಇಂದು ಇಲ್ಲಿ ಕಕ್ಕಯ್ಯನ ಪಕ್ಕದಲ್ಲಿ ಉಂಡವನು ನಾಳೆ ತನ್ನ ಹಳೆಯ ಬಂಧುಗಳ ಔತಣಕ್ಕೆ ಹೋಗಿ, ಕಕ್ಕಯ್ಯನನ್ನು ಅಂಗಳಕ್ಕೂ ಬಿಡದ ಮನೆಯಲ್ಲಿ ಕುಳಿತು ಉಂಡರೆ, ಅವನು ಎರಡೂ ಕಡೆ ಸುಖವಾಗಿರುತ್ತಾನೆ; ಕಕ್ಕಯ್ಯನಿಗೆ ಮಾತ್ರ ಇರುವುದು ಒಂದೇ ಕಡೆ. ಯಾವ ಪಂಕ್ತಿಯಲ್ಲಿ ಕಕ್ಕಯ್ಯನಿಗೆ ಎಡೆಯಿಲ್ಲವೋ ಆ ಪಂಕ್ತಿಯಲ್ಲಿ ತನಗೂ ಎಡೆ ಬೇಡವೆಂದು ಭಕ್ತನು ಎದ್ದು ಬರಬೇಕಾಗಿತ್ತು. ಭವಿಪಾಕದ ನಿಷೇಧದಲ್ಲಿ ನನಗೆ ಮೊದಲು ಕಾಣುವುದು ಈ ಎದ್ದು ಬರುವಿಕೆ. ಅಲ್ಲಿ ಹೇಸಿಗೆಗಿಂತ ನಿಷ್ಠೆ ದೊಡ್ಡದು. ಎಲ್ಲ ಕಟುವಚನಗಳನ್ನೂ ಹೀಗೆ ವಿವರಿಸಿ ಸಮರ್ಥಿಸಬಹುದೆಂದು ನಾನು ಹೇಳಲಾರೆ; ಕೆಲವೆಡೆ ನಿಷ್ಠೆಯ ಕಾವು ಹದವನ್ನು ಮೀರಿದೆ. ಆದರೆ ಜಾತಿಯ ಪಂಕ್ತಿಯನ್ನು ಒಲ್ಲೆನೆಂಬುದಕ್ಕಾಗಿ ಕಟ್ಟಿದ ನಿಯಮವೇ ಮುಂದೊಂದು ದಿನ ಹೊಸದೊಂದು ಜಾತಿಯ ಪಂಕ್ತಿಯನ್ನು ಕಾಯುವ ಬೇಲಿಯಾಗುವುದೆಂದು ಅವರು ಊಹಿಸಿರಲಾರರು.

ಬೇಲಿಯಾದದ್ದು ಹೇಗೆ? ಇದಕ್ಕೆ ಉತ್ತರವು ವ್ಯಾಕರಣದಲ್ಲಿದೆಯೆಂದು ನನಗೆ ತೋರುತ್ತದೆ.

ಶಾಲೆಯಲ್ಲಿ ನಾವೆಲ್ಲ ಕಲಿತಂತೆ ‘ನಾನು’ ಎಂಬುದು ಉತ್ತಮ ಪುರುಷ, ‘ನೀನು’ ಎಂಬುದು ಮಧ್ಯಮ ಪುರುಷ, ‘ಅವನು’ ಎಂಬುದು ಪ್ರಥಮ ಪುರುಷ. ಈ ಪ್ರಥಮ ಪುರುಷವನ್ನು ಅನ್ಯಪುರುಷವೆಂದೂ ಕರೆಯುವುದುಂಟು. ಕಲ್ಯಾಣದ ಕಾಲದಲ್ಲಿ ‘ಭವಿ’ ಎಂಬ ಶಬ್ದವನ್ನು ಉಚ್ಚರಿಸಿದ ಬಹುಮಂದಿ ಶರಣರು ನಿನ್ನೆ ಮೊನ್ನೆಯವರೆಗೆ ತಾವೇ ಭವಿಗಳಾಗಿದ್ದವರು. ಬಸವಣ್ಣನವರು ಬಾಗೇವಾಡಿಯನ್ನು ಬಿಟ್ಟು ಸಂಗಮಕ್ಕೆ ಬಂದವರು. ಮಧುವರಸರು ಬ್ರಾಹ್ಮಣ್ಯವನ್ನು ಕಳೆದುಕೊಂಡವರು. ಪೂರ್ವಾಶ್ರಯವನ್ನು ಅಳಿದು ಬಂದ ಅವರಿಗೆ ಭವಿತನವೆಂಬುದು ಒಳಗಿನಿಂದ ಗೊತ್ತು. ಅದರ ರುಚಿಯೂ ಗೊತ್ತು, ಅದನ್ನು ಬಿಡುವಾಗಿನ ನೋವೂ ಗೊತ್ತು. ಆದುದರಿಂದ ಅವರು ‘ಅವನು ಭವಿ’ ಎಂದಾಗ ‘ನಾನೂ ಆಗಿದ್ದೆ’ ಎಂಬ ಮಾತು ಅದರ ಬೆನ್ನಿಗೇ ಇರುತ್ತಿತ್ತು. ಶಬ್ದಕ್ಕೆ ಉತ್ತಮ ಪುರುಷವಿತ್ತು.

ಮುಂದೆ ಏನಾಯಿತು? ಲಿಂಗವಂತರ ಮನೆಯಲ್ಲಿ ಹುಟ್ಟಿದ ಮಗುವಿಗೆ ಗುರುವು ಬಂದು ಲಿಂಗಧಾರಣೆ ಮಾಡುವ ಪದ್ಧತಿ ಬೆಳೆಯಿತು. ಇದರ ಉದ್ದೇಶ ಕರುಣೆಯಿಂದ ಕೂಡಿದ್ದು: ಕೂಸು ಒಂದು ದಿನವೂ ಲಿಂಗವಿಲ್ಲದೆ ಇರಬಾರದು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಅದರ ಪರಿಣಾಮವನ್ನು ಗಮನಿಸಬೇಕು. ತಲೆಮಾರುಗಳು ಉರುಳಿದಂತೆ ತಾನೊಮ್ಮೆ ಭವಿಯಾಗಿದ್ದೆನೆಂಬ ನೆನಪುಳ್ಳ ಒಬ್ಬನೂ ಮನೆಯಲ್ಲಿ ಉಳಿಯಲಿಲ್ಲ. ತಂದೆ ಭವಿಯಾಗಿರಲಿಲ್ಲ, ಅಜ್ಜನೂ ಆಗಿರಲಿಲ್ಲ. ಶಬ್ದವು ತನ್ನ ಉತ್ತಮ ಪುರುಷವನ್ನು ಕಳೆದುಕೊಂಡಿತು. ಇನ್ನು ಅದನ್ನು ಆಡಲು ಉಳಿದದ್ದು ಅನ್ಯಪುರುಷವೊಂದೇ. ಭವಿಯೆಂಬುದು ಬಿಟ್ಟುಬಂದ ಸ್ಥಿತಿಯಾಗಿದ್ದದ್ದು ಹೋಗಿ, ಪಕ್ಕದ ಕೇರಿಯಲ್ಲಿ ಹುಟ್ಟಿದವರ ಹೆಸರಾಯಿತು. ಅಂದರೆ ಹುಟ್ಟನ್ನು ನೋಡಿ ಮಾಡಿದ ಶಬ್ದಗಳ ಸಾಲಿಗೆ ಅದೂ ಹೋಗಿ ನಿಂತಿತು.

ಒಂದು ಶಬ್ದವು ಹೊರಗಿನವನನ್ನು ಸೂಚಿಸುವುದರಲ್ಲಿಯೇ ದೋಷವಿದೆಯೆಂದು ನಾನು ಭಾವಿಸುವುದಿಲ್ಲ. ವ್ರತವೆಂದಮೇಲೆ ವ್ರತಿಯಲ್ಲದವನು ಇದ್ದೇ ಇರುವನು. ಕುಸ್ತಿಯ ಅಖಾಡಕ್ಕೂ ಒಂದು ಗೆರೆಯುಂಟು. ಕೇಳಬೇಕಾದ ಪ್ರಶ್ನೆ ಎಂದರೆ, ಆ ಗೆರೆಯಲ್ಲಿ ಬಾಗಿಲುಂಟೇ? ಹೊರಗಿದ್ದವನು ಬಯಸಿದ ದಿನ ಒಳಗೆ ಬರಬಹುದೇ? ಒಳಗಿದ್ದವನು ತನ್ನ ನಡೆಯಿಂದ ಹೊರಗೆ ಬೀಳಬಹುದೇ? ಶರಣರ ಶಬ್ದಕ್ಕೆ ಈ ಎರಡೂ ಉಂಟು. ದೀಕ್ಷೆಯಿಂದ ಭವಿ ಭಕ್ತನಾಗುವನು. ಆಮೇಲೆ ಅವನ ಹಿಂದಿನ ಕುಲವನ್ನು ಕೇಳುವುದೇ ದೋಷ. ಭಕ್ತನೆನಿಸಿಕೊಂಡವನು ಕಾಮಕ್ರೋಧಗಳನ್ನು ಒಳಗಿಟ್ಟುಕೊಂಡು ಹೊರಗಿನ ಭವಿಯನ್ನು ದೂರವಿಟ್ಟೆನೆಂದರೆ ಶರಣರು ಅದನ್ನು ಒಪ್ಪುವುದಿಲ್ಲ. ಮೈಯೊಳಗೆ, ಮನಸ್ಸಿನೊಳಗೆ ಕುಳಿತ ಭವಿಯನ್ನು ಮೊದಲು ಕಳೆಯೆಂದು ಅವರು ಕುಟುಕಿದ್ದಾರೆ. ನಮ್ಮ ಇಂದಿನ ಬಳಕೆಗೆ ಈ ಎರಡರಲ್ಲಿ ಯಾವುದೂ ಇಲ್ಲ. ಹೊರಗೆ ಹುಟ್ಟಿದವನು ಎಷ್ಟು ಶುದ್ಧನಾದರೂ ಭವಿ. ಒಳಗೆ ಹುಟ್ಟಿದವನು ಲಿಂಗವನ್ನು ಗೂಡಿನಲ್ಲಿಟ್ಟು ಮರೆತರೂ ಭಕ್ತ.

ಈ ಪ್ರಶ್ನೆ ಶರಣರ ಕಾಲದಲ್ಲಿಯೇ ಕಠಿಣವಾಗಿ ಎದ್ದಿತ್ತೆಂಬುದಕ್ಕೆ ಸೊನ್ನಲಿಗೆಯ ಸಿದ್ಧರಾಮಯ್ಯನವರ ಪ್ರಸಂಗವೇ ಸಾಕ್ಷಿ. ಕೆರೆಯನ್ನು ಕಟ್ಟಿಸಿ, ಗುಡಿಗಳನ್ನು ಎತ್ತಿಸಿ, ನೂರಾರು ಜನರೊಡನೆ ದುಡಿದ ಮಹಾಪುರುಷರು ಅವರು. ಇಂದಿಗೂ ಸೊಲ್ಲಾಪುರದಲ್ಲಿ ಅವರ ಹೆಸರಿನ ಕೆರೆ ಇದೆ. ಅಲ್ಲಮಪ್ರಭುಗಳು ಅವರನ್ನು ಕಲ್ಯಾಣಕ್ಕೆ ಕರೆತಂದಾಗ ಅವರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಕಟ್ಟಳೆಯನ್ನು ಅಕ್ಷರಶಃ ಹಿಡಿದರೆ ಸಿದ್ಧರಾಮಯ್ಯನವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂಪಾದಿಸಿದ ಮೊದಲ ಶೂನ್ಯಸಂಪಾದನೆಯಲ್ಲಿ ಅವರ ಲಿಂಗದೀಕ್ಷೆಯ ಪ್ರಸಂಗವಿಲ್ಲ. ಮುಂದಿನ ಸಂಪಾದನಕಾರರು ಅದನ್ನು ಸೇರಿಸಿದರು. ಗೂಳೂರು ಸಿದ್ಧವೀರಣ್ಣೊಡೆಯನ ಕೃತಿಯಲ್ಲಿ ಚನ್ನಬಸವಣ್ಣನವರು ಅವರಿಗೆ ದೀಕ್ಷೆ ಕೊಡುವ ಭಾಗವು ವಿಸ್ತಾರವಾಗಿದೆ. ಲಿಂಗವಿಲ್ಲದ ಸಿದ್ಧರಾಮಯ್ಯನವರನ್ನು ಒಪ್ಪಿದ ಮನಸ್ಸೊಂದು, ಅವರಿಗೂ ದೀಕ್ಷೆಯಾಗಲೇಬೇಕೆಂದ ಮನಸ್ಸೊಂದು: ಎರಡೂ ನಮ್ಮ ಪರಂಪರೆಯೊಳಗೇ ಇವೆ. ಎರಡೂ ಒಂದು ವಿಷಯದಲ್ಲಿ ಸಹಮತವಾಗಿವೆ. ಸಿದ್ಧರಾಮಯ್ಯನವರ ಹುಟ್ಟು ಯಾವುದೆಂಬುದು ಅಲ್ಲಿ ಚರ್ಚೆಗೇ ಬರಲಿಲ್ಲ.

ಅದೇ ಶೂನ್ಯಸಂಪಾದನೆಯಲ್ಲಿ ಮರುಳಶಂಕರದೇವರ ಪ್ರಸಂಗವುಂಟು. ದೂರದಿಂದ ಬಂದ ಆ ಶರಣರು ಕಲ್ಯಾಣದ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ, ಮರುಳನಂತೆ, ವರ್ಷಗಟ್ಟಲೆ ಇದ್ದರು. ದಿನವೂ ಸಾವಿರಾರು ಜಂಗಮರಿಗೆ ದಾಸೋಹ ನಡೆಯುತ್ತಿದ್ದ ಆ ಮನೆಯಲ್ಲಿ ಅವರನ್ನು ಯಾರೂ ಹೊರಗೆ ಹಾಕಲಿಲ್ಲ, ಯಾರೂ ತಮ್ಮವರೆಂದು ಗುರುತಿಸಲೂ ಇಲ್ಲ. ಪ್ರಭುದೇವರು ಬಂದು ತೋರಿಸಿದ ಮೇಲೆ ಬಸವಣ್ಣನವರು ಬೆರಗಾದರು. ಈ ಪ್ರಸಂಗವನ್ನು ಪ್ರವಚನಗಳಲ್ಲಿ ಮರುಳಶಂಕರದೇವರ ಮಹಿಮೆಯೆಂದು ಹೇಳುವುದುಂಟು. ನನಗಾದರೋ ಅದು ಮಹಾಮನೆಯ ಮೇಲಿನ ಒಂದು ಪರೀಕ್ಷೆಯಾಗಿ ಕಾಣುತ್ತದೆ. ಬಾಗಿಲು ತೆರೆದಿತ್ತು, ಅನ್ನ ಸಿಕ್ಕುತ್ತಿತ್ತು. ಆದರೂ ಒಬ್ಬ ಮಹಾನುಭಾವನು ಆ ಮನೆಯೊಳಗೇ ಪರದೇಶಿಯಾಗಿದ್ದನು. ಹಸಿದವನಿಗೆ ಅನ್ನವಿಕ್ಕುವುದು ಒಂದು. ಅವನು ನಮ್ಮವನೆಂದು ಕಣ್ಣು ಕೊಟ್ಟು ನೋಡುವುದು ಇನ್ನೊಂದು. ಮೊದಲನೆಯದು ಎರಡನೆಯದಾಗಬೇಕಾದರೆ ಬಸವಣ್ಣನವರ ಮನೆಗೂ ಪ್ರಭುದೇವರು ಬರಬೇಕಾಯಿತು.

ಬಿಜ್ಜಳನ ವಿಷಯವನ್ನೂ ಹೇಳದಿದ್ದರೆ ವಿಚಾರ ಪೂರ್ತಿಯಾಗದು. 1160ರ ಆಸುಪಾಸಿನಲ್ಲಿ ಕಲ್ಯಾಣದ ಅಧಿಕಾರ ಹಿಡಿದಿದ್ದ ಕಳಚುರಿಯ ಬಿಜ್ಜಳನು ಭವಿಯೆಂಬುದರಲ್ಲಿ ಶರಣರಿಗೆ ಸಂದೇಹವಿರಲಿಲ್ಲ. ಅಂಥ ಭವಿಯ ಗದ್ದುಗೆಯ ಕೆಳಗೆ ಕುಳಿತು ಓಲೈಸುತ್ತಾನೆಂದು ಬಸವಣ್ಣನವರನ್ನು ಆಕ್ಷೇಪಿಸಿದವರು ಹೊರಗಿನವರಲ್ಲ, ಸ್ವತಃ ಭಕ್ತರು. ಬಸವಣ್ಣನವರು ತಮ್ಮ ವಚನದಲ್ಲಿ ಅದಕ್ಕೆ ಉತ್ತರ ಕೊಟ್ಟಿದ್ದಾರೆ: ತಮ್ಮ ದುಡಿಮೆ ತಮ್ಮ ಒಡಲಿಗಾಗಿ ಅಲ್ಲ, ದೇವನಿಗಾಗಿ ಎಂಬುದು ಅದರ ತಾತ್ಪರ್ಯ. ಭವಿಸಂಗದ ನಿಷೇಧವನ್ನು ಆಡಿ ತೋರಿಸುವವರು ಈ ಉತ್ತರವನ್ನು ಜೊತೆಗಿಟ್ಟು ಓದುವುದು ಒಳ್ಳೆಯದು. ಭವಿಯ ಭಂಡಾರವನ್ನು ಕಾಯುತ್ತ, ಅವನ ಲೆಕ್ಕವನ್ನು ಚೊಕ್ಕಟವಾಗಿ ಒಪ್ಪಿಸುತ್ತ ಭಕ್ತನಾಗಿ ಉಳಿಯಲು ಸಾಧ್ಯವೆಂದು ಬಸವಣ್ಣನವರು ಬಾಳಿ ತೋರಿಸಿದರು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಗೆರೆಯನ್ನು ಇಷ್ಟು ಸಡಿಲ ಮಾಡಿದರೆ ಸಮಾಜವೇ ಉಳಿಯುವುದಿಲ್ಲ, ಆಚಾರ ಹೋದಮೇಲೆ ಲಿಂಗವಂತನಿಗೂ ಇತರರಿಗೂ ಏನು ಭೇದ?’ ಎಂದು ಕೇಳುವವರಲ್ಲಿ ಪ್ರಾಮಾಣಿಕರಿದ್ದಾರೆ. ಅವರ ಕಳವಳವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ಅವರು ಯಾವ ಆಚಾರವನ್ನು ಕುರಿತು ಹೇಳುತ್ತಿದ್ದಾರೆ? ನಿತ್ಯದ ಲಿಂಗಪೂಜೆ, ಸತ್ಯಶುದ್ಧ ಕಾಯಕ, ದಾಸೋಹ ಇವು ಆಚಾರವಾದರೆ ಅವುಗಳಿಗೆ ನೆರೆಮನೆಯವನಿಂದ ಅಪಾಯವಿಲ್ಲ. ಲಿಂಗೈಕ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತಲ್ಲಿಂದ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಎಲ್ಲ ಜಾತಿಮತಗಳ ಸಾವಿರಾರು ಮಕ್ಕಳನ್ನು ಒಂದೇ ಸೂರಿನಡಿ ಇಟ್ಟು, ಒಂದೇ ಪಂಕ್ತಿಯಲ್ಲಿ ಉಣಿಸಿ ಓದಿಸಿದರು. ಅದರಿಂದ ಪೂಜ್ಯರ ಪೂಜೆಗೆ ಒಂದು ದಿನವೂ ಕುಂದು ಬಂದುದನ್ನು ಯಾರೂ ಕಾಣಲಿಲ್ಲ. ನಾಡಿನ ಎಷ್ಟೋ ಮಠಗಳ ಪ್ರಸಾದನಿಲಯಗಳಲ್ಲಿ ಓದಿದವರು ಈ ಪತ್ರಿಕೆಯ ವಾಚಕರಲ್ಲಿಯೂ ಇದ್ದಾರೆ. ಪಕ್ಕದಲ್ಲಿ ಕುಳಿತು ಮುದ್ದೆಯನ್ನೋ ರೊಟ್ಟಿಯನ್ನೋ ಮುರಿದ ಗೆಳೆಯನನ್ನು ಭವಿಯೆಂದು ಕರೆಯಬೇಕೆಂದು ಅವರಲ್ಲಿ ಯಾರಿಗಾದರೂ ಅಂದು ತೋಚಿತ್ತೇ?

ಆದರೆ ಪ್ರಸಾದನಿಲಯದಿಂದ ಹೊರಬಿದ್ದು, ನೌಕರಿ ಹಿಡಿದು, ಮಕ್ಕಳು ಮದುವೆಯ ವಯಸ್ಸಿಗೆ ಬಂದಾಗ ಅದೇ ಗೆಳೆಯರು ಮಾಡುವುದೇನು? ಸಮಾಜದ ಪತ್ರಿಕೆಗಳ ವಧೂವರರ ಅಂಕಣವನ್ನು ತೆರೆದು ನೋಡಬಹುದು. ಅಲ್ಲಿ ‘ಭವಿ’ ಎಂಬ ಶಬ್ದ ಒಂದು ಕಡೆಯೂ ಕಾಣದು. ಪಂಚಮಸಾಲಿ, ಬಣಜಿಗ, ಸಾದರ, ನೊಣಬ, ಗಾಣಿಗ, ಹಡಪದ ಎಂಬ ಶಬ್ದಗಳು ಕಾಣುತ್ತವೆ, ಮತ್ತು ‘ಅದೇ ಒಳಪಂಗಡದವರು ಸಂಪರ್ಕಿಸಿರಿ’ ಎಂಬ ಒಕ್ಕಣೆ ಕಾಣುತ್ತದೆ. ವರನ ಕೊರಳಲ್ಲಿಯೂ ಲಿಂಗವುಂಟು, ವಧುವಿನ ಕೊರಳಲ್ಲಿಯೂ ಉಂಟು. ಎರಡು ಮನೆಗಳಲ್ಲಿಯೂ ಬಸವಣ್ಣನವರ ಪಟವುಂಟು. ಆದರೂ ಬೀಗತನಕ್ಕೆ ಬಂದಾಗ ಕೇಳುವ ಮೊದಲ ಪ್ರಶ್ನೆ ಪೂರ್ವಾಶ್ರಯದ್ದು. ಹೊರಗಿನವನಿಗೆಂದು ಮಾಡಿದ ಶಬ್ದವು ನಾಲಗೆಯಿಂದ ಮರೆಯಾಗಿ, ಹೆಸರಿಲ್ಲದೆ ಮನೆಯ ಒಳಗೇ ಕೆಲಸ ಮಾಡುತ್ತಿದೆ.

ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ವಿರೋಧಿಗಳು ಕಂಡದ್ದು ಸಮಗಾರನನ್ನೂ ಬ್ರಾಹ್ಮಣನನ್ನೂ. ಶರಣರು ಕಂಡದ್ದು ಪೂರ್ವಾಶ್ರಯವನ್ನು ಕಳೆದುಕೊಂಡ ಇಬ್ಬರು ಲಿಂಗವಂತರನ್ನು. ಅದು ವರ್ಣಸಂಕರವೆಂಬ ದೂರು ಬಿಜ್ಜಳನ ಬಳಿಗೆ ಹೋದಾಗಲೂ ಅವರು ಆ ದೃಷ್ಟಿಯನ್ನು ಬಿಟ್ಟುಕೊಡಲಿಲ್ಲ. ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತೆಂದು ಪರಂಪರೆ ಹೇಳುತ್ತದೆ. ಆ ಮೇಲೆ ಶರಣರು ಕಲ್ಯಾಣವನ್ನು ಬಿಟ್ಟು, ಕೆಲವರು ಉಳವಿಯ ಕಡೆಗೆ, ಕೆಲವರು ಬೇರೆ ಬೇರೆ ದಿಕ್ಕಿಗೆ, ತಮ್ಮ ನಾಡಿನಲ್ಲಿಯೇ ಪರದೇಶಿಗಳಾಗಿ ಚದುರಿಹೋದರು.